ಒಂದು ಹೆಂಟೆ ಬೆಲ್ಲ

ನನ್ನ ಸೋದರತ್ತೆಯ ಅಂಗೈ ಮೊರದಂತೆ ಅಗಲವಾಗಿತ್ತು. ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದು ಬಡಿದು ಚರ್ಮ ಗಡುಸಾಗಿ, ಬೆರಳ ಬುಡಗಳಲ್ಲಿ ಹೊಳಪು ಬಂದಿತ್ತು. ಬೆನ್ನ ಮೇಲೆ ಆ ಕೈ ಬಿತ್ತೆಂದರೆ ಸಿಟ್ಟಿನದೋ ಪ್ರೀತಿಯದೋ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಅಪ್ಪ ನನ್ನನ್ನು ಹೈಸ್ಕೂಲಿಗೆಂದು ದೇವದುರ್ಗದಿಂದ ಕರೆತಂದು ಮಾನ್ವಿಯ ಅವಳ ಮನೆಯಲ್ಲಿ ಬಿಟ್ಟುಹೋದಾಗ, ಮೊದಲ ದಿನವೇ ಆ ಕೈಯ ರುಚಿ ನೋಡಿದೆ. ಅಳುತ್ತ ಕೂತಿದ್ದವಳ ಬೆನ್ನಿಗೆ ಒಂದು ಕೊಟ್ಟು, "ಉಂಡು ಅಳು. ಖಾಲಿ ಹೊಟ್ಟೀಲೆ ಅತ್ರ ದನಿ ಏಳಂಗಿಲ್ಲ" ಎಂದಳು.

ಅಳುವಿನ ವಿಷಯದಲ್ಲಿ ಅವಳ ಮಾತಿಗೆ ತೂಕವಿತ್ತು. ಸಾವಿನ ಮನೆಯಲ್ಲಿ ಹೆಂಗಸರು ಸತ್ತವರ ಗುಣ ಹೇಳಿಕೊಂಡು ಹಾಡ್ಯಾಡಿ ಅಳುವುದು ನಮ್ಮ ಕಡೆಯ ರೂಢಿ. ಒಬ್ಬಳು ಮೊದಲ ಸೊಲ್ಲು ಎತ್ತಿಕೊಡಬೇಕು, ಉಳಿದವರು ದನಿಗೂಡಿಸಬೇಕು. ನಮ್ಮ ಓಣಿಯಲ್ಲಿ ಎತ್ತಿಕೊಡುವವಳು ಅತ್ತೆ. ಸತ್ತವನಿಗೆ ಇಷ್ಟವಾಗಿದ್ದ ಚಟ್ನಿ, ಅವನ ಬೈಗುಳ, ಅವನು ರುಮಾಲು ಸುತ್ತುತ್ತಿದ್ದ ರೀತಿ ಎಲ್ಲವೂ ಅವಳ ಅಳುವಿನೊಳಗೆ ಬರುತ್ತಿದ್ದವು. ಎದೆ ಕಲ್ಲು ಮಾಡಿಕೊಂಡು ಕೂತವಳೂ ಅವಳ ಪಕ್ಕದಲ್ಲಿ ಕರಗಿ ಹಗುರಾಗುತ್ತಿದ್ದಳು. ಅತ್ತೆ ಬರದಿದ್ದರೆ ಸತ್ತವನಿಗೇ ಬೇಜಾರಾಗುತ್ತದೆ ಎಂದು ಮಾವ ಚೇಷ್ಟೆ ಮಾಡುತ್ತಿದ್ದ.

ಅವಳ ಕಿವಿ ಮಂದವಾಗುತ್ತಿದೆ ಎಂಬ ಸುದ್ದಿ ನಮಗೆ ಮೊದಲು ಕೊಟ್ಟದ್ದು ರೊಟ್ಟಿ. ಬಡಿಯುವ ಸದ್ದು ಬರಬರುತ್ತ ಜೋರಾಯಿತು. ತನ್ನ ಕೈಯ ಸದ್ದು ತನಗೇ ಸರಿಯಾಗಿ ಕೇಳದೆ ಅವಳು ಇನ್ನಷ್ಟು ಬಲ ಹಾಕುತ್ತಿದ್ದಳು, ರೊಟ್ಟಿ ಹರಿಯುತ್ತಿದ್ದವು, ಬೈಗುಳ ಗಿರಣಿಯವನಿಗೆ ಹೋಗುತ್ತಿತ್ತು. ಕೇಳಿಸಲಿಲ್ಲ ಎಂಬ ಒಂದು ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ. ಎಲ್ಲದಕ್ಕೂ "ಹೂಂ" ಅನ್ನುವುದನ್ನು ಕಲಿತಳು. ಮಾತಾಡುವವರ ಕಣ್ಣು ನೋಡುವುದನ್ನು ಬಿಟ್ಟು ತುಟಿ ನೋಡತೊಡಗಿದಳು. ಅವಳಿಗೆ ನಾಚಿಕೆಯಾಗುತ್ತಿದೆ ಎಂದು ತಿಳಿದು ನಾವೂ ಕಂಡೂ ಕಾಣದಂತೆ ಇದ್ದುಬಿಟ್ಟೆವು.

ಎದುರು ಮನೆಯ ಸೊಸೆಯ ತವರು ಸಿರವಾರ. ಅವಳ ಅಣ್ಣ ಕಾಲುವೆ ಆಫೀಸಿನ ನೌಕರಿಗಾಗಿ ಬಹಳ ದಿನದಿಂದ ಕಾಯುತ್ತಿದ್ದ. ಇಂದು ಸೇರುತ್ತಾನೆ, ನಾಳೆ ಸೇರುತ್ತಾನೆ ಎಂಬ ಮಾತು ಇಡೀ ಓಣಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಆ ಸೊಸೆ ಓಡಿಬಂದು ನಮ್ಮ ಬಾಗಿಲಲ್ಲಿ ನಿಂತಳು. ಬೆನ್ನ ಹಿಂದೆ ಬಿಸಿಲು, ಮುಖವೆಲ್ಲ ನೆರಳು, ಬಾಯಿಗೆ ಒತ್ತಿಕೊಂಡ ಸೆರಗು.

"ಯವ್ವಾ, ನಮ್ಮಣ್ಣ ತೀರ್ಕಂಡ್ನಂತ್ರಿ" ಎಂದಳು.

ತುಟಿ ಕಾಣದ ಅತ್ತೆಗೆ ಅದು "ಸೇರ್ಕಂಡ್ನಂತ್ರಿ" ಎಂದು ಕೇಳಿಸಿತು. ಅವಳ ಮುಖ ಅರಳಿತು.

"ಚಲೋ ಆತು ಬಿಡವ್ವ. ಎಷ್ಟು ಕಾದಿದ್ರಿ ಪಾಪ" ಎನ್ನುತ್ತ ಒಳಗೆ ಹೋಗಿ ಒಂದು ಹೆಂಟೆ ಬೆಲ್ಲ ತಂದು ಅವಳ ಕೈಯಲ್ಲಿಟ್ಟು, ಬೆರಳು ಮಡಚಿ, "ಬಾಯಿ ಸಿಹಿ ಮಾಡ್ಕೋ" ಎಂದಳು.

ಆ ಹೆಣ್ಣುಮಗಳು ಕೈಯಲ್ಲಿದ್ದ ಬೆಲ್ಲವನ್ನು ನೋಡಿದಳು, ಅತ್ತೆಯನ್ನು ನೋಡಿದಳು, ತಿರುಗಿ ಹೋದಳು. ನಾನು ಅತ್ತೆಯ ಕಿವಿಗೆ ಬಾಯಿಟ್ಟು ಇದ್ದದ್ದನ್ನು ಹೇಳಬೇಕಾಯಿತು. ಎರಡು ಸಲ ಹೇಳಿದೆ. ಅವಳು ಬೆಲ್ಲ ಕೊಟ್ಟ ಆ ಅಂಗೈಯನ್ನು ಸೀರೆಗೆ ಒರೆಸುತ್ತಲೇ ಇದ್ದಳು.

ಆ ಸಾವಿಗೆ ಅವಳು ಅಳಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಎಂದಳು. ಆಮೇಲೆ ಯಾರ ಮನೆಗೂ ಹೋಗಲಿಲ್ಲ. ಒಳಕೋಣೆಯಲ್ಲಿ ಕೂತು, ಆಗಲೇ ಹಸನಾದ ಅಕ್ಕಿಯನ್ನೇ ಮತ್ತೆ ಮತ್ತೆ ಹಸನು ಮಾಡುತ್ತಿದ್ದಳು. ನಾನೂ ಮಾವನೂ ರೇಡಿಯೋ ಕೇಳಿ ನಕ್ಕರೆ ತಾಟು ಸರಿಸಿ ಎದ್ದುಬಿಡುತ್ತಿದ್ದಳು. ತನ್ನನ್ನೇ ಆಡಿಕೊಂಡು ನಗುತ್ತಿದ್ದೇವೆ ಎಂದು ಅವಳ ಅನುಮಾನ. ಊಟ ಕಡಿಮೆಯಾಯಿತು, ಮಾತು ನಿಂತಿತು. ಒಂದು ದಿನ ನಾನು ತಲೆ ಬಾಚಿಸಿಕೊಳ್ಳಲು ಕೂತಿದ್ದಾಗ ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳಿದಳು: "ನೀವೆಲ್ಲಾ ಇಲ್ಲೇ ಅದೀರಿ. ನಾನಽ ಎಲ್ಲೋ ಹೋಗೀನಿ ನೋಡವ್ವ." ಅವಳ ಕಿವಿ ಹೋದದ್ದಕ್ಕಿಂತ ಅವಳು ಹೀಗೆ ಹೋಗುತ್ತಿರುವುದು ನನಗೆ ಹೆದರಿಕೆ ಹುಟ್ಟಿಸಿತು.

ಅವಳಿಗೆ ತಲೆ ಕೆಟ್ಟಿದೆ ಎಂದು ಓಣಿ ಆಡಿಕೊಳ್ಳತೊಡಗಿದ ಮೇಲೆ ಮಾವ ಅವಳನ್ನು ರಾಯಚೂರಿನ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದ. ಜೊತೆಗೆ ನಾನೂ ಹೋದೆ. ಕಿವಿಯ ನರ ಸೋತಿವೆ ಎಂದರು ಡಾಕ್ಟರು. ಎದೆಗೆ ಸಿಕ್ಕಿಸಿಕೊಳ್ಳುವ ಡಬ್ಬಿ, ಅದರಿಂದ ಕಿವಿಗೊಂದು ವೈರು ಇರುವ ಮಿಷನ್ ಕೊಟ್ಟರು. ಬರುವಾಗ ಬಸ್ಸಿನಲ್ಲಿ ಗೇರಿನ ಗರಗರ, ಕಿಟಕಿಯ ಗಾಜಿನ ಕಟಕಟ ಎಲ್ಲ ಒಟ್ಟಿಗೇ ಅವಳ ತಲೆಯೊಳಗೆ ನುಗ್ಗಿದವು. ಮಾನ್ವಿ ಬರುವ ಮೊದಲೇ ಕಿತ್ತು ನನ್ನ ಮಡಿಲಿಗೆ ಹಾಕಿ, "ಎಲ್ಲಾ ಕೇಳ್ತದ, ಮಾತೊಂದು ಬಿಟ್ಟು" ಎಂದಳು.

ಡಾಕ್ಟರು ಮಾವನಿಗೆ ಇನ್ನೊಂದು ಮಾತು ಹೇಳಿದ್ದರು. ಇವರ ತಲೆ ನೆಟ್ಟಗಿದೆ, ಒಂಟಿಯಾಗಿದ್ದಾರೆ ಅಷ್ಟೆ. ಬೆಳಕಿನಲ್ಲಿ, ಎದುರಿಗೆ ಕೂತು ನಿಧಾನವಾಗಿ ಮಾತಾಡಿ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ ಎಂದಿದ್ದರು. ಹೇಳುತ್ತ ಹೇಳುತ್ತ ಮಾವನ ಮುಖ ನೋಡಿ ನಕ್ಕಿದ್ದರು. ಮಾವನಿಗೆ ತುಟಿಯೇ ಇರಲಿಲ್ಲ. ಇದ್ದದ್ದೆಲ್ಲ ಮೀಸೆ. ಸಂತೆಯಲ್ಲಿ ಅವನನ್ನು ದೂರದಿಂದಲೇ ಗುರುತಿಸುವಂತಹ ಮೀಸೆ ಅದು, ಅವನ ಊಟದಲ್ಲಿ ಅದಕ್ಕೂ ಒಂದು ಪಾಲಿತ್ತು.

ಮರುದಿನ ಬೆಳಿಗ್ಗೆ ಮಾವ ಅದನ್ನು ಬೋಳಿಸಿಕೊಂಡು ಬಂದ.

ನಮ್ಮ ಮನೆತನಗಳಲ್ಲಿ ಗಂಡಸು ಮೀಸೆ ತೆಗೆಸುವುದು ಹೆತ್ತವರು ಸತ್ತಾಗ ಮಾತ್ರ. ಅತ್ತೆ ಅವನನ್ನು ನೋಡಿದ್ದೇ ಹಣೆ ಬಡಿದುಕೊಂಡಳು. ಗಿಲ್ಲೆಸುಗೂರಿನಲ್ಲಿದ್ದ ಅವನ ಮುದಿ ತಾಯಿ ಹೋದಳೆಂದೇ ತಿಳಿದಳು. ಮಾವ ಅವಳ ಎದುರು ಬೆಳಕಿಗೆ ಮುಖ ಮಾಡಿ ಕೂತು, ಬರಿದಾದ ತುಟಿಗಳನ್ನು ಅಗಲಿಸಿ ಅಗಲಿಸಿ ಹೇಳಿದ: "ನಮ್ಮವ್ವ ಗಟ್ಟಿ ಅದಾಳ. ಇದು ನಿನ್ನ ಸಲುವಾಗಿ." ಅತ್ತೆ ಬಹಳ ಹೊತ್ತು ನೋಡಿದಳು. ಆಮೇಲೆ ಆ ದೊಡ್ಡ ಅಂಗೈಯಿಂದ ಮೀಸೆ ಇದ್ದ ಜಾಗವನ್ನು ಸವರಿದಳು. ನಾನು ಅಡುಗೆಮನೆಗೆ ಹೋಗಿಬಿಟ್ಟೆ, ನನಗೆ ಅಳು ತಡೆಯಲಾಗಲಿಲ್ಲ.

ಆದರೆ ಓಣಿಗೆ ಇದೆಲ್ಲ ಹೇಗೆ ತಿಳಿಯಬೇಕು? ಬೋಳುತುಟಿಯ ಮಾವನನ್ನು ಕಂಡವರು ಸಾವೆಂದೇ ತಿಳಿದು ಬರತೊಡಗಿದರು. ಎಲ್ಲರಿಗಿಂತ ಮೊದಲು ಬಂದವಳು ಎದುರು ಮನೆಯ ಸೊಸೆ. ಆ ಬೆಲ್ಲದ ಮಧ್ಯಾಹ್ನದ ನಂತರ ನಮ್ಮ ಹೊಸ್ತಿಲು ತುಳಿಯದವಳು ಅಂದು ಸೀದಾ ಬಂದು ಅತ್ತೆಯ ಎದುರಿಗೆ ಕೂತು, "ಯಾರು ತೀರ್ಕಂಡ್ರು ಯವ್ವಾ?" ಎಂದಳು.

ಈ ಸಲ ಮುಖದ ಮೇಲೆ ಬೆಳಕಿತ್ತು, ಬಾಯಿಗೆ ಸೆರಗಿರಲಿಲ್ಲ. ಅತ್ತೆ ಆ ಮಾತನ್ನು ತುಟಿಯ ಮೇಲೆಯೇ ಓದಿ, ಮಾವನ ಕಡೆ ಕೈ ತೋರಿಸಿ, "ಮೀಸಿ ತೀರ್ಕಂತವ್ವ" ಎಂದಳು.

ಮೊದಲು ನಕ್ಕವಳು ಅತ್ತೆಯೇ. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಸೊಸೆಯೂ ನಗುತ್ತ ನಗುತ್ತ ಅಳತೊಡಗಿದಳು.

"ಬೆಲ್ಲಕ್ಕ ನನಗ ಸಿಟ್ಟು ಬಂದಿಲ್ರಿ ಯವ್ವಾ" ಎಂದಳು, ಒಂದೊಂದೇ ಮಾತು ಬಿಡಿಸಿ. "ನಮ್ಮಣ್ಣಗ ಅಳಾಕ ನೀವು ಬರಲಿಲ್ಲಲ್ಲ. ಅದಕ್ಕ ಬಂತು."

ಅತ್ತೆ "ಹೂಂ" ಎನ್ನಲಿಲ್ಲ. "ನನಗ ಕೇಳ್ಸಾಂಗಿಲ್ಲವ್ವ" ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಆಮೇಲೆ ಆ ಹೆಣ್ಣುಮಗಳ ಬೆನ್ನ ಮೇಲೆ ಅಂಗೈ ಇಟ್ಟು, ಬಿಕ್ಕುವಿಕೆಯ ಏರಿಳಿತವನ್ನು ಕೈಯಿಂದಲೇ ಹಿಡಿದು, ಸಿರವಾರದ ಆ ಅಣ್ಣನಿಗಾಗಿ ಹಾಡ್ಯಾಡಿ ಅತ್ತಳು. ದನಿ ಅಲ್ಲಲ್ಲಿ ತಪ್ಪುತ್ತಿತ್ತು, ಯಾರೂ ಅದನ್ನು ಎಣಿಸಲಿಲ್ಲ.

ಅಂದಿನಿಂದ ಎದುರು ಮನೆಯ ಸೊಸೆ ದಿನಾ ಬಂದು ಎದುರಿಗೆ ಕೂತು ಓಣಿಯ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಮಾವ ಮತ್ತೆ ಮೀಸೆ ಬಿಡಲಿಲ್ಲ. ನಾನು ಮುಂದೆ ದೇವದುರ್ಗದಲ್ಲಿ ಶಾಲೆಯ ಟೀಚರಾದೆ. ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಮಗುವನ್ನು ಕಂಡರೆ ಇಂದಿಗೂ ಎದ್ದು ಹೋಗಿ ಅದರ ಎದುರಿಗೆ ಕೂರುತ್ತೇನೆ. ಅದು ಆ ಮನೆಯಲ್ಲಿ ಕಲಿತದ್ದು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ಹೋದಳು. ನಾನು ಬಸ್ಸಿಳಿದು ಬರುವ ಹೊತ್ತಿಗೆ ನಮ್ಮ ರೂಢಿಯಂತೆ ಅವಳನ್ನು ಗೋಡೆಗೊರಗಿಸಿ ಕೂರಿಸಿದ್ದರು. ಅಂಗೈಗಳು ತೊಡೆಯ ಮೇಲಿದ್ದವು. ಎದುರು ಮನೆಯವಳು ಮುಂದೆ ಬಂದು, ಎಂದಿನಂತೆ ಅವಳ ಮುಖಕ್ಕೆ ಮುಖ ಕೊಟ್ಟು ಕೂತಳು. ಎತ್ತಿಕೊಡುವವಳು ಈಗ ಅವಳೇ. ಆದರೆ ಶುರು ಮಾಡಲಿಲ್ಲ. ಬಾಗಿಲಲ್ಲಿ ಗುಂಪುಗಟ್ಟಿ ನಿಂತ ಹೆಂಗಸರ ಕಡೆ ತಿರುಗಿದಳು.

"ಬಾಗಲ ಬಿಟ್ಟು ಸರೀರಿ" ಎಂದಳು. "ಬೆಳಕು ಬರ್ಲಿ. ಆಕಿಗೆ ನನ್ನ ಬಾಯಿ ಕಾಣಾಂಗಿಲ್ಲ."

ಎಲ್ಲರೂ ಸರಿದು ನಿಂತರು.