ಚೀನಾದವನ ಸರ್ವಿಸ್ ಕಲಿತ ಮಾರ್ಕರ್ ಕಾಕ

ಓದುವ ಎಲ್ಲರಿಗೂ ನಮಸ್ಕಾರ. ನಾನು ಸಣ್ಣವನಿರುವಾಗ ಶಾಲೆಗೆ ಹೋದವನಲ್ಲ, ಮೂವತ್ತರ ಹತ್ತಿರ ಅಕ್ಷರ ಕಲಿತವನು. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರ, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಾರ್ಕರ್ ಕಾಕನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಯಾವತ್ತೂ ನೆಟ್ಟಗೆ ಆಗುತ್ತಿರಲಿಲ್ಲ. ಏಡಿಯ ಕೊಂಬಿನ ಹಾಗೆ ಎದುರುಬದುರು ಬಗ್ಗಿಕೊಂಡೇ ಇದ್ದವು. ಚಾದ ಗ್ಲಾಸು, ಬಸ್ಸಿನ ಕಂಬಿ, ಮೀನಿನ ಚೀಲ, ಎಲ್ಲವನ್ನೂ ಆ ಎರಡು ಬೆರಳಲ್ಲೇ ಹಿಡಿಯುತ್ತಿದ್ದರು. ತೋರುಬೆರಳಿನ ಬದಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಜಡ್ಡು. ಟೇಬಲ್ ಟೆನ್ನಿಸ್ ಬ್ಯಾಟನ್ನು ಪೆನ್ನಿನ ಹಾಗೆ ಹಿಡಿಯುವುದು ಚೀನಾದವರ ಕ್ರಮ. ನಾನು ನೋಡಿದ ಹಾಗೆ ಮಂಗಳೂರಿನಲ್ಲಿ ಆಗ ಹಾಗೆ ಹಿಡಿಯುತ್ತಿದ್ದವರು ಕಾಕ ಒಬ್ಬರೇ.

ಹಂಪನಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಹಳೆಯ ಕ್ಲಬ್ಬು. ನಾನು ಅದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ, ದಿನಾ ಬಜಪೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕಾಕ ಅಲ್ಲಿ ಮಾರ್ಕರ್. ಮಾರ್ಕರ್ ಅಂದರೆ ಜೊತೆ ಸಿಗದ ಮೆಂಬರುಗಳೊಟ್ಟಿಗೆ ಆಡಲು ಕ್ಲಬ್ಬು ಇಟ್ಟುಕೊಂಡ ಆಳು. ಮೆಂಬರಿಗೆ ಬೆವರು ಬರಬೇಕು, ಕೊನೆಗೆ ಗೆದ್ದ ಖುಷಿಯೂ ಬರಬೇಕು. ಆಟ ಮುಗಿದ ಮೇಲೆ ಮೆಂಬರು ಕುರ್ಚಿಯಲ್ಲಿ ಕೂತು ಮಾತಾಡಿದರೆ ಮಾರ್ಕರು ನಿಂತು ಕೇಳಬೇಕು.

ಸೋಲುವುದರಲ್ಲಿ ಕಾಕನಿಗೆ ದೊಡ್ಡ ಲೆಕ್ಕಾಚಾರ ಇತ್ತು.

"ಕಂಟ್ರಾಕ್ಟರಿಗೆ ಎರಡೇ ಪಾಯಿಂಟಲ್ಲಿ ಸೋಲ್ಬೇಕು. ಐದು ಕೊಟ್ರೆ ಅವರಿಗೆ ಡೌಟ್ ಬರ್ತದೆ. ಡಾಕ್ಟ್ರಿಗೆ ಎಷ್ಟು ಕೊಟ್ರೂ ಡೌಟ್ ಇಲ್ಲ ಮಾರಾಯ. ಅವರಿಗೆ ಅವರ ಆಟದ ಮೇಲೆ ಅಷ್ಟು ನಂಬಿಕೆ ಉಂಟು" ಎನ್ನುತ್ತಿದ್ದರು.

ದುಬೈಯಲ್ಲಿದ್ದ ಒಬ್ಬ ಮೆಂಬರು ರಜೆಗೆ ಬಂದಾಗ ಕಾಕನಿಗೆ ಒಂದು ವಿಡಿಯೋ ಕ್ಯಾಸೆಟ್ ತಂದುಕೊಟ್ಟರು. ಅದರಲ್ಲಿ ಇದ್ದದ್ದು ಚೀನಾದ ಒಬ್ಬ ಚಾಂಪಿಯನ್ನನ ಆಟಗಳು. ಅವನ ಕಥೆಯನ್ನೂ ಆ ಮೆಂಬರೇ ಹೇಳಿದರು. ಮಿಲ್ಲಿನ ಕೆಲಸದವರ ಮಗನಂತೆ. ಗಿಡ್ಡ ಎಂದು ದೊಡ್ಡ ತಂಡದವರು ಎರಡು ಸಲ ವಾಪಸ್ ಕಳಿಸಿದ್ದರಂತೆ. ಆಮೇಲೆ ತೆಗೆದುಕೊಂಡರೂ ಆಡಲು ಅಲ್ಲ. ಬೇರೆ ದೇಶದ ಆಟಗಾರರು ಹೇಗೆ ಆಡುತ್ತಾರೋ ಹಾಗೆಯೇ ಆಡಿ ತೋರಿಸಲು. ಅವನ ಎದುರು ಅಭ್ಯಾಸ ಮಾಡಿ ಬೇರೆಯವರು ಪದಕ ತರುತ್ತಿದ್ದರು. ಏಳು ವರ್ಷ ಹಾಗೆ ಕಳೆದ ಮೇಲೆ ಒಬ್ಬನ ಕೈಗೆ ಪೆಟ್ಟಾಗಿ ಇವನನ್ನು ಆಡಲು ಇಳಿಸಿದರು. ಇಳಿದವನು ಲೋಕವನ್ನೇ ಗೆದ್ದ.

ಕೇಳಿ ಮುಗಿದ ಮೇಲೆ ಕಾಕ ನನ್ನ ಬೆನ್ನಿಗೆ ಒಂದು ಗುದ್ದಿದರು.

"ಕೇಳಿದಿಯಾ? ಅವನೂ ಮಾರ್ಕರೇ ಮಾರಾಯ!"

ಮಧ್ಯಾಹ್ನ ಎರಡರಿಂದ ನಾಲ್ಕು ಕ್ಲಬ್ಬು ಖಾಲಿ. ಟಿವಿ ರೂಮಿನಲ್ಲಿ ನಾವಿಬ್ಬರೂ ಆ ಕ್ಯಾಸೆಟ್ ಹಾಕಿ ನೋಡುತ್ತಿದ್ದೆವು. ಅದರಲ್ಲಿ ಮಾತಾಡುವ ಇಂಗ್ಲಿಷು ಇಬ್ಬರಿಗೂ ಗೊತ್ತಿಲ್ಲ. ಕಾಕನಿಗೆ ಬೇಕಾಗಿದ್ದದ್ದು ಆ ಚೀನಾದವನ ಸರ್ವಿಸ್. ಚೆಂಡನ್ನು ಮೇಲೆ ಹಾರಿಸಿ ಎಡಗೈಯನ್ನು ಅದರ ಎದುರಿಗೆ ಅಡ್ಡ ಇಡುತ್ತಿದ್ದ. ಬ್ಯಾಟು ಚೆಂಡಿಗೆ ಎಲ್ಲಿ ತಾಗಿತು, ಹೇಗೆ ತಾಗಿತು ಎಂದು ಎದುರಿನವನಿಗೆ ಕಾಣುತ್ತಿರಲಿಲ್ಲ. ಚೆಂಡು ಟೇಬಲ್ಲಿಗೆ ಬಿದ್ದ ಮೇಲೆ ಯಾವ ಕಡೆ ತಿರುಗುತ್ತದೆ ಎಂದು ದೇವರಿಗೇ ಗೊತ್ತು. ಕಾಕ ಒಂದೊಂದು ಸರ್ವಿಸನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡುತ್ತಿದ್ದರು. ಎದ್ದು ಹೋಗಿ ಟೇಬಲ್ಲಿನಲ್ಲಿ ಹಾಕುತ್ತಿದ್ದರು, ನಾನು ಚೆಂಡು ಹೆಕ್ಕುತ್ತಿದ್ದೆ. ಮೂರು ವರ್ಷ ಹೀಗೆ. ಮೆಂಬರುಗಳ ಎದುರು ಅದನ್ನು ಹಾಕುವ ಹಾಗಿರಲಿಲ್ಲ, ಅವರಿಗೆ ಚೆಂಡು ಮುಟ್ಟಲಿಕ್ಕೂ ಆಗದು. ಹಾಗಾಗಿ ಕಾಕನ ಸರ್ವಿಸನ್ನು ನಾನಲ್ಲದೆ ಯಾರೂ ನೋಡಲಿಲ್ಲ.

ಇನ್ನು ನನ್ನ ಅಕ್ಷರದ ವಿಷಯ. ಕಾಕನಿಗೆ ಮದರಸದಲ್ಲಿ ಕಲಿತ ಅರಬ್ಬಿ ಅಕ್ಷರ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಬಿಕರ್ನಕಟ್ಟೆಯಲ್ಲಿ ಒಬ್ಬರು ಟೀಚರ್ ದೊಡ್ಡವರಿಗೆ ಸಂಜೆ ಪಾಠ ಮಾಡುತ್ತಾರೆ ಎಂದು ಯಾರೋ ಹೇಳಿದ್ದೇ, ಕಾಕ ನನ್ನನ್ನು ಎಳೆದುಕೊಂಡೇ ಹೋದರು.

"ಇವನನ್ನು ಸೇರಿಸಿಕೊಳ್ಳಿ ಟೀಚರ್. ಪಾತ್ರೆ ತೊಳೆದು ತೊಳೆದು ಕೈ ಮೆತ್ತಗಾಗಿದೆ, ಪೆನ್ನು ಹಿಡೀಲಿಕ್ಕೆ ಒಳ್ಳೇದು."

"ನೀವು ಸೇರುದಿಲ್ವಾ?" ಎಂದು ಟೀಚರ್ ನಕ್ಕರು.

"ನನ್ನ ಕಣ್ಣು ಬಾಲಿಗೆ ಮಾತ್ರ. ಅಕ್ಷರಕ್ಕೆ ಇವ ಉಂಟಲ್ಲ."

ನಾನು ಪಾಠಕ್ಕೆ ಹೋದ ಹೊತ್ತಿನಲ್ಲಿ, ಮೆಂಬರುಗಳು ಬರುವುದಕ್ಕೆ ಮೊದಲು, ನನ್ನ ಪಾತ್ರೆಗಳನ್ನು ಕಾಕನೇ ತೊಳೆಯುತ್ತಿದ್ದರು. ಒಂದೂವರೆ ವರ್ಷ. ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಬದಲಿಗೆ ದಿನಾ ಪೇಪರಿನ ಆಟದ ಪುಟ ನನ್ನ ಮುಂದೆ ಇಟ್ಟು, "ಓದು, ಚೀನಾದವ ಎಂತ ಮಾಡಿದ ನೋಡುವಾ" ಎನ್ನುತ್ತಿದ್ದರು. ಹೆಚ್ಚಿನ ದಿನ ಚೀನಾದವನ ಸುದ್ದಿ ಇರುತ್ತಿರಲಿಲ್ಲ, ಬರೀ ಕ್ರಿಕೆಟ್ಟು.

ಆ ವರ್ಷ ನಗರದಲ್ಲಿ ಒಂದು ಓಪನ್ ಟೂರ್ನಮೆಂಟ್ ಬಂತು. ಕ್ಲಬ್ಬಿನ ಸೆಕ್ರೆಟರಿ ಕಾಕನನ್ನು ಕರೆದು ಹೇಳಿದರು:

"ನೀವೊಮ್ಮೆ ಸೆಮಿಫೈನಲಿಗೆ ಹೋಗಿ ಕಾಕ. ಮತ್ತೆ ಕಮಿಟಿಯಲ್ಲಿ ನಾನು ಮಾತಾಡ್ತೇನೆ. ಮಾರ್ಕರ್ ಸಾಕು, ಕೋಚ್ ಮಾಡುವಾ."

ಕೋಚ್ ಆದರೆ ಮಕ್ಕಳಿಗೆ ಕಲಿಸಬಹುದು. ಕೋಚ್ ಆದರೆ ಸೋಲುವುದು ಕೆಲಸವಲ್ಲ. ಕಾಕ ಆ ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲ.

ಟೂರ್ನಮೆಂಟಿನ ಫಾರ್ಮು ಬಂದ ದಿನ ಸೆಕ್ರೆಟರಿ, ಡಾಕ್ಟ್ರು ಎಲ್ಲ ವರಾಂಡದಲ್ಲಿದ್ದರು. ಎರಡು ಹಾಳೆ. ಕಾಕ ಅದನ್ನು ಅವರಿಗೆ ಕೊಡದೆ ನನ್ನನ್ನು ಕ್ಯಾಂಟೀನಿನಿಂದ ಕೂಗಿ ಕರೆದರು.

"ನೋಡಿ ಸರ್, ಈಗ ನಮ್ಮವನೇ ಓದ್ತಾನೆ."

ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಓದಿದೆ. ಮೊದಲ ಹಾಳೆಯಲ್ಲಿ ತಾರೀಕು, ಜಾಗ, ಬರಬೇಕಾದ ಹೊತ್ತು. ಅದು ಓದಲು ಬಂತು. ಡಾಕ್ಟ್ರು "ಭಾರೀ ಉಂಟಲ್ಲ!" ಎಂದರು. ಕಾಕನ ಮುಖ ನೋಡಬೇಕಿತ್ತು. ಎರಡನೇ ಹಾಳೆ ತಿರುಗಿಸಿದೆ. ಸಣ್ಣ ಅಕ್ಷರ, ಮೇಲೆ 'ನಿಯಮಾವಳಿ' ಎಂದು ಇತ್ತು, ಕೆಳಗೆ ಪೂರ್ತಿ ಅಂಥದ್ದೇ ಉದ್ದುದ್ದ ಶಬ್ದಗಳು. ಒಂದು ಸಾಲೂ ನಾಲಿಗೆಗೆ ಹತ್ತಲಿಲ್ಲ.

"ಅದ್ರಲ್ಲಿ ಎಂತ ಉಂಟು?" ಕಾಕ ಕೇಳಿದರು.

"ಎಂತ ಇಲ್ಲ ಕಾಕ. ಸುಮ್ಮನೆ ಬರೆದದ್ದು. ನೀವು ಸೈನ್ ಹಾಕಿ" ಎಂದೆ.

ಅವರು ಹಾಕಿದರು.

ಟೂರ್ನಮೆಂಟಿನ ದಿನ ಕಾಕ ಇಸ್ತ್ರಿ ಮಾಡಿದ ಬಿಳಿ ಟೀ ಶರ್ಟು ಹಾಕಿ ಬಂದಿದ್ದರು. ಎದುರಿಗೆ ಒಬ್ಬ ಕಾಲೇಜು ವಿದ್ಯಾರ್ಥಿ. ಮೊದಲ ಸರ್ವಿಸು ಕಾಕನದು. ಎಡಗೈ ಅಡ್ಡ ಬಂತು, ಚೆಂಡು ಹಾವಿನ ಹಾಗೆ ಹೋಯಿತು, ಆ ಹುಡುಗ ಗಾಳಿಗೆ ಬೀಸಿದ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅಂಪೈರ್ ಕೈ ಎತ್ತಿದರು.

"ಕೈ ಅಡ್ಡ ಇಡ್ಬೇಡಿ. ಬಾಲ್ ಕಾಣ್ಬೇಕು."

ಕಾಕನಿಗೆ ಅರ್ಥ ಆಗಲಿಲ್ಲ. ಇನ್ನೊಮ್ಮೆ ಹಾಕಿದರು.

"ಫಾಲ್ಟ್."

"ಎಂತ ಸರ್ ಫಾಲ್ಟ್? ಇದು ಚಾಂಪಿಯನ್ ಹಾಕುವ ಸರ್ವಿಸ್."

"ಹಳೇದು ಅದು. ರೂಲ್ ಚೇಂಜ್ ಆಗಿದೆ. ಫಾರ್ಮಲ್ಲಿ ಕೊಟ್ಟಿದ್ದೇವಲ್ಲ, ಓದ್ಲಿಲ್ವಾ?"

ಕಾಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಕೈ ತೆಗೆದು ಹಾಕಲು ನೋಡಿದರು. ಕೈಗೆ ಮೂರು ವರ್ಷದ ಅಭ್ಯಾಸ, ತೆಗೆದರೂ ಅದೇ ತಿರುಗಿ ಬರುತ್ತಿತ್ತು. ಫಾಲ್ಟ್, ಫಾಲ್ಟ್. ಆಮೇಲೆ ಹೆದರಿ ಸಾದಾ ಸರ್ವಿಸ್ ಹಾಕಿದರು. ಸಾದಾ ಆಟಕ್ಕೆ ಇಳಿದದ್ದೇ ಹಳೆಯ ಮಾರ್ಕರಿನ ಕೈ ಬಂತು. ಚೆಂಡನ್ನು ಎದುರಿನವನಿಗೆ ಹೊಡೆಯಲು ಅನುಕೂಲವಾಗುವ ಹಾಗೆ ಬ್ಯಾಟಿನ ಹತ್ತಿರವೇ ಕಳಿಸುತ್ತಿದ್ದರು. ಮೂರೂ ಗೇಮ್ ಸೋತರು. ಇಪ್ಪತ್ತು ನಿಮಿಷವೂ ಆಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದರು:

"ಎರಡನೇ ಪೇಪರಲ್ಲಿ ಇದ್ದದ್ದು ಅದೇಯಾ?"

"ಗೊತ್ತಿಲ್ಲ ಕಾಕ."

"ಓದ್ಲಿಕ್ಕೆ ಬರ್ಲಿಲ್ಲ ಅಲ್ವಾ?"

ನಾನು ತಲೆ ಅಲ್ಲಾಡಿಸಿದೆ.

"ನನ್ನ ಹತ್ರ ಹೇಳ್ಬಹುದಿತ್ತು ಮಾರಾಯ. ನಂಗೂ ಬರುದಿಲ್ಲ ಅಲ್ಲಾ."

ಮತ್ತೆ ಹಂಪನಕಟ್ಟೆ ಬರುವವರೆಗೆ ಕಿಟಕಿಯ ಹೊರಗೆ ನೋಡಿದರು.

ಎರಡು ವರ್ಷದಲ್ಲಿ ಕ್ಲಬ್ಬಿನವರು ಟೇಬಲ್ ತೆಗೆದು ಆ ರೂಮಿನಲ್ಲಿ ಜಿಮ್ ಮಾಡಿದರು. ಜಿಮ್ಮಿಗೆ ಮಾರ್ಕರ್ ಬೇಡ. ಕಾಕ ಸಂಬಂಧಿಕರ ಚಪ್ಪಲಿ ಅಂಗಡಿಯಲ್ಲಿ ನಿಂತರು. ಅಲ್ಲಿಯೂ ನಿಲ್ಲುವುದೇ ಕೆಲಸ. ನಾನು ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟಿದೆ, ಎರಡನೇ ಸಲಕ್ಕೆ ಪಾಸಾಗಿ ಒಂದು ಆಫೀಸಿನಲ್ಲಿ ಅಟೆಂಡರ್ ಆದೆ. ಹೇಳಲು ಹೋದಾಗ ಕಾಕ ಗಿರಾಕಿಯ ಕಾಲಿನ ಹತ್ತಿರ ಕೂತಿದ್ದರು. ಅಲ್ಲಿಂದಲೇ ತಲೆ ಎತ್ತಿ, "ನೋಡಿ, ನಮ್ಮವ ಪಾಸು!" ಎಂದು ಗಿರಾಕಿಗೆ ಹೇಳಿದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಮೊಬೈಲು ಬಂದ ಮೇಲೆ ನಾನು ಆ ಚೀನಾದವನನ್ನು ಹುಡುಕಿದೆ. ರೂಲು ಬದಲಾದ ವರ್ಷ ಅವನೂ ಸಿಕ್ಕಸಿಕ್ಕವರಿಗೆ ಸೋತಿದ್ದ. ಒಂದು ವರ್ಷ ಕೂತು ಬೇರೆ ಸರ್ವಿಸ್ ಕಲಿತು ಮತ್ತೆ ಗೆದ್ದ. ರಿಟೈರ್ ಆಗಿ ಈಗ ಅವರ ದೇಶದ ತಂಡಕ್ಕೇ ಕೋಚ್. ಕಾಕನಿಗೆ ಖುಷಿಯಾದೀತು ಎಂದು ಒಯ್ದು ತೋರಿಸಿದೆ. ನನ್ನ ಬುದ್ಧಿ ಅಷ್ಟೇ. ಆಗ ಅವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ಫೋನನ್ನು ಮೂಗಿನ ಹತ್ತಿರ ಹಿಡಿದು ಹೊಸ ಸರ್ವಿಸನ್ನು ನಾಲ್ಕೈದು ಸಲ ನೋಡಿದರು.

"ಕೈ ತೆಗೆದಿದ್ದಾನೆ" ಎಂದರು. ಫೋನು ವಾಪಸ್ ಕೊಡುತ್ತಾ, "ಅವನಿಗೆ ಹೇಳುವವರು ಇದ್ರು" ಎಂದರು.

ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಅವರ ಬಾಯಿಯಿಂದ ಅಂಥ ಮಾತು ನಾನು ಕೇಳಿದವನಲ್ಲ. ಹೇಳಿ ಮುಗಿಸಿದ ಮೇಲೆ ಅವರಿಗೇ ಗೊತ್ತಾಗಿ, "ಚಾ ಕುಡೀತಿಯಾ?" ಎಂದು ಎದ್ದರು.

ಕಾಕ ಹೋದ ವರ್ಷ ತೀರಿಕೊಂಡರು. ಮಸೀದಿಯ ಹೊರಗೆ ನಾನೂ ನಿಂತಿದ್ದೆ. ಒಬ್ಬರು "ನೀವು ಯಾರು? ಮೆಂಬರಾ?" ಎಂದು ಕೇಳಿದರು. ಅಲ್ಲ ಎಂದೆ.

ನನ್ನ ಹತ್ತಿರ ಹೇಳಬಹುದಿತ್ತು ಎಂದು ಅವರು ಬಸ್ಸಿನಲ್ಲಿ ಅಂದರಲ್ಲ, ಅದಾದ ಮೇಲೆ ಇಪ್ಪತ್ತು ವರ್ಷ ಸಿಕ್ಕಿತ್ತು. ತಪ್ಪಾಯಿತು ಕಾಕ ಎಂಬ ಎರಡು ಶಬ್ದ. ಅದನ್ನು ಓದಲೂ ಬೇಡ, ಬರೆಯಲೂ ಬೇಡ. ನಾನು ಹೇಳಲಿಲ್ಲ. ಮೊದಲು ನಾಚಿಕೆ, ಆಮೇಲೆ ಅವರು ಮರೆತಿರಬಹುದು ಎಂಬ ಆಸೆ, ಕೊನೆಗೆ ಅವರಿಗೆ ಹುಷಾರಿಲ್ಲ ಎಂಬ ನೆವ.

ಓದಿದವರಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಕೆಳಗೆ ಬರೆಯಿರಿ. ಗೊತ್ತಿಲ್ಲ ಎನ್ನಲು ನಾಚಿ ಇನ್ನೊಬ್ಬರ ಬದುಕು ಹಾಳು ಮಾಡಿದವರು ಇದ್ದರೆ, ಆ ಇನ್ನೊಬ್ಬರು ಬದುಕಿರುವಾಗಲೇ ಅವರ ಹತ್ತಿರ ಹೋಗಿ ಹೇಳಿದವರು ಇದ್ದರೆ, ಮಾತನ್ನು ಹೇಗೆ ಶುರು ಮಾಡಿದಿರಿ ಎಂದು ತಿಳಿಸಿ. ನನಗೆ ಇನ್ನು ಉಪಯೋಗ ಇಲ್ಲ. ಆದರೂ ತಿಳಿಯಬೇಕು.