ತಿಂಗಳಿಗೆ ಎರಡು ಸಲ ಹೊರಗೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಆಗಿದ್ದೇ ಅದರಿಂದ. ಹನೂರಿನಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ ಮೋಟರ್ ಸುಟ್ಟುಹೋದರೆ ಲೊಕ್ಕನಹಳ್ಳಿಯಿಂದ, ಮಾರ್ಟಳ್ಳಿಯಿಂದ ಆಟೋದಲ್ಲಿ ಹೇರಿಕೊಂಡು ಬರುತ್ತಾರೆ. "ಯಾವಾಗ್ ಕೊಡ್ತೀರಾ ಸಾ?" ಅಂತ ಎರಡನೇ ಸಲ ಕೇಳಿದರೆ "ಎತ್ಕಂಡೋಗಯ್ಯ ನಿನ್ ಮೋಟ್ರ" ಅನ್ನುವ ಆಸಾಮಿ ನಾನು. ಬೈಸಿಕೊಂಡರೂ ಮತ್ತೆ ಬರುತ್ತಾರೆ, ಯಾಕೆಂದರೆ ಕೆಲಸ ಚೆನ್ನಾಗಿ ಮಾಡುತ್ತೇನೆ. ಮನೆ ಇರುವುದು ಅಲ್ಲಿಂದ ಬೈಕಿನಲ್ಲಿ ಕಾಲು ಗಂಟೆಯ ಹಳ್ಳಿಯಲ್ಲಿ. ಅಲ್ಲೀಗ ಇಬ್ಬರೇ, ನಾನು ಮತ್ತು ಒಂಬತ್ತನೇ ಕ್ಲಾಸಿನಲ್ಲಿ ಓದುವ ಮಗಳು. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು.

ಇಬ್ಬರಿದ್ದೇವೆ ಅಂದರೆ ಮಾತುಕತೆ ಇದೆ ಅಂತಲ್ಲ. "ಉಂಡ್ಯಾ?" "ಊಂ." "ಪರೀಕ್ಷೆ ಯಾವಾಗ?" "ಬರೋ ವಾರ." ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಟಿವಿ ಹಾಕುತ್ತೇನೆ, ಅವಳು ಪುಸ್ತಕ ತೆಗೆಯುತ್ತಾಳೆ. ಭಾನುವಾರವೂ ಅಂಗಡಿ ತೆಗೆಯುವುದು ರೂಢಿಯಾಗಿದೆ. ಗಿರಾಕಿ ಬರುತ್ತಾರೆ ಅಂತ ಅಲ್ಲ, ಮನೆಯಲ್ಲಿ ಕೂರಲಾಗುವುದಿಲ್ಲ ಅಂತ. ಬೈಯುವುದಕ್ಕೆ ನನಗೆ ಊರು ತುಂಬ ಜನ ಇದ್ದಾರೆ. ಬೈಸಿಕೊಂಡು, ಆಮೇಲೆ "ಆಯ್ತಾ ನಿಮ್ ಕೂಗಾಟ? ಏಳಿ, ಉಣ್ಣಿ" ಅಂತ ನಕ್ಕು ತಟ್ಟೆ ಹಾಕುವವಳು ಒಬ್ಬಳೇ ಇದ್ದಳು.

ಈಚೆಗೆ ಒಂದು ಸೋಮವಾರ ಸಂಜೆ ಮನೆಗೆ ಬಂದಾಗ ಟಿವಿಯ ಮುಂದೆ ಒಂದು ಕಾಗದ ಇತ್ತು. ಸ್ಕೂಲಿನಿಂದ ಬಂದದ್ದು. ಮಗಳು ಕೈಗೆ ಕೊಡದೆ ಅಲ್ಲಿಟ್ಟು ಹಿತ್ತಲಿಗೆ ಹೋಗಿದ್ದಳು. ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಸರ್ಕಾರದಿಂದ ಉಚಿತವಾಗಿ ಒಂದು ಚುಚ್ಚುಮದ್ದು, ಒಂದೇ ಡೋಸು, ಶನಿವಾರ ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಯಲ್ಲಿ. ಪೋಷಕರ ಒಪ್ಪಿಗೆಯ ಸಹಿ ಬೇಕು, ಹದಿನೈದು ತುಂಬಿದವರಿಗೆ ಈ ಯೋಜನೆಯಲ್ಲಿ ಇಲ್ಲ. ಮಗಳಿಗೆ ಹದಿನೈದು ತುಂಬುವುದು ಅದೇ ಭಾನುವಾರ. ಇದು ಯಾವ ಕಾಯಿಲೆ ಬಾರದಿರಲಿ ಅಂತ ಕೊಡುವುದೋ ಅದರ ಹೆಸರು ಕಾಗದದ ನಡುವೆ ದಪ್ಪಕ್ಷರದಲ್ಲಿ ಇತ್ತು: ಗರ್ಭಕೋಶದ ಕೊರಳಿನ ಕ್ಯಾನ್ಸರ್.

ಮೂರು ವರ್ಷದಲ್ಲಿ ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಅಂದಿರಲಿಲ್ಲ. ಹೆಂಡತಿಗೆ ಏನಾಗಿತ್ತು ಅಂತ ಕೇಳಿದವರಿಗೆಲ್ಲ "ಹೊಟ್ಟೆನೋವು" ಅಂದಿದ್ದೆ. ಮಗಳಿಗೂ ಅಷ್ಟೇ ಹೇಳಿದ್ದೆ.

ನಮ್ಮ ಮನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಮ್ಮದು ಮಾದಪ್ಪನ ಒಕ್ಕಲು, ಮುಟ್ಟಿನ ಕಟ್ಟುನಿಟ್ಟು ಜಾಸ್ತಿ. ಆ ಮೂರು ದಿನ ಹೆಂಗಸರು ನಡುಮನೆಗೆ ಕಾಲಿಡುವಂತಿಲ್ಲ, ಒಲೆ ಮುಟ್ಟುವಂತಿಲ್ಲ. ಜಗಲಿಯ ಪಕ್ಕ ಒಂದು ಸಣ್ಣ ಕೋಣೆ ಇದೆ, ಅದರಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಇದಕ್ಕೆ ನಾವು ಹೊರಗೆ ಕೂರುವುದು ಅನ್ನುತ್ತೇವೆ. ಗುಟ್ಟೇನೂ ಇಲ್ಲ. ಕೋಣೆಯ ಬಾಗಿಲು ಬೀದಿಗೇ ತೆರೆಯುತ್ತದೆ, ಯಾರು ಯಾವಾಗ ಕೂತಿದ್ದಾರೆ ಅಂತ ಹೋಗಿ ಬರುವವರಿಗೆಲ್ಲ ಕಾಣುತ್ತದೆ.

ನನ್ನ ಹೆಂಡತಿ ಸಾಯುವುದಕ್ಕೆ ಎರಡು ವರ್ಷ ಮುಂಚೆ ತಿಂಗಳಿಗೆ ಎರಡು ಸಲ ಹೊರಗೆ ಕೂರತೊಡಗಿದಳು. ಮೂರು ದಿನ ಇದ್ದದ್ದು ಐದಾಯಿತು, ಆರಾಯಿತು. ನೀರು ಹಿಡಿಯಲು ಹೋಗುವ ಹೆಂಗಸರು ರೇಗಿಸುತ್ತಿದ್ದರು: "ಮೊನ್ನೆ ತಾನೆ ಒಳಿಕ್ಕೋದೆ, ಮತ್ತೆ ಕೂತಿದ್ದೀಯಲ್ಲವ್ವ! ಕೆಲ್ಸ ತಪ್ಪಿಸ್ಕಳಕೆ ಒಳ್ಳೆ ದಾರಿ ಇಡ್ದಿದ್ದೀಯ ಬುಡು." ಅವಳೂ ನಗುತ್ತಿದ್ದಳು. ಬೀದಿಗೆ ಬೀದಿಯೇ ನೋಡಿತು. ಒಬ್ಬರಿಗಾದರೂ ಇದು ಕಾಯಿಲೆ ಅಂತ ಹೊಳೆಯಲಿಲ್ಲ. ಎಲ್ಲರೂ ಮೈಲಿಗೆಯ ಲೆಕ್ಕ ಹಾಕಿದರು, ಮೈಯ ಲೆಕ್ಕ ಯಾರೂ ಹಾಕಲಿಲ್ಲ. ಮೋಟರ್ ತಿರುಗುವ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಅನ್ನುವ ನಾನೂ ಹಾಕಲಿಲ್ಲ.

ನಾನು ಮಾಡಿದ್ದೇನು ಅಂದರೆ, ಬೈದೆ. ಅಂಗಡಿಯಿಂದ ಹಸಿದು ಬಂದರೆ ಒಲೆ ತಣ್ಣಗಿರುತ್ತಿತ್ತು. "ತಿಂಗ್ಳಿಗೆ ಎಷ್ಟ್ ಸಲ ಕೂತ್ಕತೀಯಮ್ಮಿ ನೀನು? ಬೇಯ್ಸಿ ಆಕೋರ್ ಯಾರು?" ಅಂತ ಜಗಲಿಯಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಒಂದು ಸಲ ಅಲ್ಲ, ಹತ್ತಾರು ಸಲ. ಅವಳು ಬಾಗಿಲಿನ ಆಚೆಯಿಂದ "ನಾನೇನ್ ಬೇಕೂಂತ ಕೂತಿದ್ದೀನಾ?" ಅಂದಳು. ಆ ಮಾತಿಗೆ ನಿಂತು "ಮತ್ತೆ ಯಾಕೆ ಹೀಗೆ?" ಅಂತ ಕೇಳಬಹುದಿತ್ತು. ಚಪ್ಪಲಿ ಮೆಟ್ಟಿಕೊಂಡು ಹೋಟೆಲಿಗೆ ಹೋದೆ.

ನಮ್ಮೂರಿನ ಆಶಾ ಕಾರ್ಯಕರ್ತೆ ಎರಡು ಸಲ ಬಂದಿದ್ದಳು. ಮೂವತ್ತು ದಾಟಿದ ಹೆಂಗಸರಿಗೆ ಸರ್ಕಾರ ಉಚಿತ ತಪಾಸಣೆ ಇಟ್ಟಿದೆ, ಬಿಪಿ, ಶುಗರ್, ಜೊತೆಗೆ ಗರ್ಭಕೋಶದ ಬಾಯಿಯ ಪರೀಕ್ಷೆ. ಬನ್ನಿ ಅಂತ ಮನೆ ಮನೆಗೆ ಹೇಳಿಕೊಂಡು ತಿರುಗುವುದು ಅವಳ ಕೆಲಸ. ಮೊದಲ ಸಲ ನನ್ನ ಹೆಂಡತಿ ಕೋಣೆಯಿಂದಲೇ, "ಈಗ ಒರಗೆ ಕೂತಿವ್ನಿ ಕಣವ್ವ, ನನ್ನ ಮುಟ್ಟಂಗಿಲ್ಲ, ಮುಂದಿನ್ ಸಲ ಬತ್ತೀನಿ" ಅಂದಳು. ಕೆಲವು ತಿಂಗಳಾದ ಮೇಲೆ ಎರಡನೇ ಸಲ ಬಂದಾಗಲೂ ಅದೇ ಕೋಣೆ, ಅದೇ ಮಾತು. ಆಗ ಅವಳು ಜಗಲಿಗೆ ಹತ್ತಿ, "ಅಕ್ಕ, ಓದ್ ಸಲಾನೂ ಕೂತಿದ್ರಿ. ಎಷ್ಟ್ ದಿನದಿಂದ ರಕ್ತ ಓಯ್ತಾ ಅದೆ?" ಅಂತ ಕೇಳಿದಳು. ಅದೇ ಹೊತ್ತಿಗೆ ನಾನು ಬೈಕ್ ನಿಲ್ಲಿಸಿದೆ. "ಬೀದೀಲಿ ನಿಂತ್ಕಂಡು ಕೇಳೋ ಮಾತೇನಮ್ಮ ಇದು? ನಮ್ಮನೇಲಿ ಯಾರ್ಗೂ ಏನೂ ಇಲ್ಲ, ಓಗು" ಅಂದೆ. ಎರಡು ವರ್ಷದಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅವಳೊಬ್ಬಳು. ಅವಳನ್ನೇ ಓಡಿಸಿದೆ. ನನ್ನ ಬಾಯಿಗೆ ಬೆಂಕಿ ಬೀಳ!

ಅದಾದ ಮೇಲೆ ಎಲ್ಲ ಸರಿಹೋಯಿತು. ಹಾಗಂತ ನಾನು ಅಂದುಕೊಂಡೆ. ಹೆಂಡತಿ ತಿಂಗಳಿಗೆ ಒಂದೇ ಸಲ, ಮೂರೇ ದಿನ ಹೊರಗೆ ಕೂರತೊಡಗಿದಳು. ಹೊತ್ತಿಗೆ ಸರಿಯಾಗಿ ಮುದ್ದೆ, ಸಾರು. ಬೈದದ್ದಕ್ಕೆ ಬುದ್ಧಿ ಬಂತು ಅಂತ ಒಳಗೊಳಗೇ ಬೀಗಿದೆ ಕೂಡ. ಒಂದು ಬೆಳಿಗ್ಗೆ ಹಿತ್ತಲಿನ ತೊಟ್ಟಿಯ ಹತ್ತಿರ ಬಿದ್ದಳು. ಎತ್ತಿಕೊಂಡಾಗ ಸೀರೆ ಒದ್ದೆಯಾಗಿದ್ದದ್ದು ನೀರಿನಿಂದಲ್ಲ. ಕೊಳ್ಳೇಗಾಲದಲ್ಲಿ ನೋಡಿ ಮೈಸೂರಿಗೆ ಬರೆದರು. ಮೈಸೂರಿನಲ್ಲಿ ಡಾಕ್ಟರಮ್ಮ "ಎಷ್ಟು ದಿನದಿಂದ?" ಅಂದರೆ ಇವಳು ನನ್ನ ಮುಖ ನೋಡಿ "ಈಗೆರಡ್ ತಿಂಗ್ಳಿಂದ" ಅಂದಳು. ಅವರು ತಲೆ ಅಲ್ಲಾಡಿಸಿ ಇದು ಎರಡು ತಿಂಗಳಿನದಲ್ಲ ಅಂದರು. ಮೊದಲೇ ಸಿಕ್ಕಿದ್ದರೆ ವಾಸಿ ಮಾಡಬಹುದಾಗಿದ್ದ ಕಾಯಿಲೆ ಅಂತಲೂ ಅಂದರು. ಏಳು ತಿಂಗಳು ಮೈಸೂರಿಗೂ ಮನೆಗೂ ಓಡಾಡಿದೆವು. ಆಮೇಲೆ ಇಲ್ಲ.

ಸೋಮವಾರ ಆ ಕಾಗದ ಓದಿ ಯಳಂದೂರಿನಲ್ಲಿರುವ ನಮ್ಮಕ್ಕನಿಗೆ ಫೋನ್ ಮಾಡಿದೆ. ಹೆಣ್ಣುಮಗುವಿನ ವಿಚಾರ, ಕೇಳಲು ನನಗೆ ಬೇರೆ ಯಾರಿದ್ದಾರೆ? "ಬ್ಯಾಡ ಕಣ್ಲಾ," ಅಂದಳು ಅಕ್ಕ, "ಮುಂದಕ್ಕೆ ಮಕ್ಳಾಗದಿಲ್ವಂತೆ. ನಮ್ ಬೀದೀಲಿ ಯಾರೂ ಆಕುಸ್ಕತಿಲ್ಲ. ಗಂಡ್ಸು ನಿಂಗ್ಯಾಕ್ಲಾ ಈ ಉಸಾಬರಿ?" "ಯಾರಂದ್ರು ಮಕ್ಳಾಗದಿಲ್ಲ ಅಂತ? ನಿನ್ ತಲೆ!" ಅಂತ ಕೂಗಿ ಫೋನ್ ಕುಕ್ಕಿದೆ. ಗಂಡಸಿಗೆ ಯಾಕೆ ಅಂದುಕೊಂಡೇ ಒಬ್ಬಳನ್ನು ಕಳೆದುಕೊಂಡಿದ್ದೆ. ಸಹಿ ಹಾಕಿ ಕಾಗದವನ್ನು ಅದೇ ಟಿವಿಯ ಮುಂದೆ ಇಟ್ಟೆ. ಬೆಳಿಗ್ಗೆ ಅಲ್ಲಿರಲಿಲ್ಲ.

ಶನಿವಾರ ಬೆಳಿಗ್ಗೆ ಅಂಗಿ ಹಾಕಿಕೊಂಡು ಬೈಕ್ ಒರೆಸಿ ಮಗಳನ್ನು ಕರೆದೆ. ಜಗಲಿಯ ಕೋಣೆಯ ಬಾಗಿಲು ಮುಂದಕ್ಕೆ ಎಳೆದಿತ್ತು. ಅವ್ವ ಇಲ್ಲದ ಮೇಲೆ ದೊಡ್ಡವಳಾದ ಹುಡುಗಿ. ಅಕ್ಕ ಬಂದು ಪದ್ಧತಿ ಹೇಳಿಕೊಟ್ಟು ಹೋಗಿದ್ದಳು. ಅವತ್ತಿನಿಂದ ತಿಂಗಳು ತಿಂಗಳೂ ತಾನಾಗಿ ಹೋಗಿ ಕೂರುತ್ತಾಳೆ. ಕೂರು ಅಂತ ನಾನು ಹೇಳಿಲ್ಲ, ಬೇಡ ಅಂತಲೂ ಹೇಳಿಲ್ಲ. ಆ ದಿನಗಳಲ್ಲಿ ಅನ್ನ ಮಾಡಿ ಹೊಸ್ತಿಲ ಆಚೆ ಇಟ್ಟು ಬರುತ್ತೇನೆ, ಅಷ್ಟೇ.

"ನಾನ್ ಬರಕಿಲ್ಲ ಅಪ್ಪ. ಒರಗಾಗಿವ್ನಿ," ಅಂದಳು ಒಳಗಿನಿಂದ.

ನಾಳೆಗೆ ಹದಿನೈದು. ಕೊನೆಗೆ ಆಶಾಗೆ ಫೋನ್ ಮಾಡಿದೆ. ಅವತ್ತು ಜಗಲಿಯಿಂದ ಇಳಿಸಿ ಕಳಿಸಿದ ಮೇಲೆ ಅವಳ ಮುಖ ನೋಡಲು ನನಗೆ ನಾಚಿಕೆ, ಎದುರು ಬಂದರೆ ಬೈಕ್ ತಿರುಗಿಸುತ್ತಿದ್ದೆ. ತಡವರಿಸಿ ವಿಷಯ ಹೇಳಿದೆ. ಅವಳು "ಮುಟ್ಟಾದ್ರೆ ಏನಣ್ಣ? ತೋಳ್ಗೆ ತಾನೆ ಚುಚ್ಚೋದು. ಕರ್ಕಂಡೋಗಿ, ತಡ ಮಾಡ್ಬೇಡಿ" ಅಂದಳು. ಬೇರೆ ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಾಗಿಲಿಗೆ ಬಂದು ಹೇಳಿದೆ. ಮತ್ತೆ ಹೇಳಿದೆ. "ಬರಕಿಲ್ಲ ಅಂದ್ನಲ್ಲ" ಅಂತ ಗೊಣಗಿದಳು. ಅಷ್ಟು ಸಾಕಾಯಿತು ನನಗೆ. "ಏಯ್, ನಿಮ್ಮವ್ವನಂಗೆ ನೀನೂ ಇಲ್ಲೇ ಕೂತು ಸಾಯ್ತೀಯಾ?" ಅಂತ ಅರಚಿದೆ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಬಾಗಿಲು ತೆರೆಯಿತು. ಮಗಳು ಅಳುತ್ತಿದ್ದಳು. "ಅವ್ವ ಇಲ್ಲಿ ಕೂತು ಸಾಯ್ಲಿಲ್ಲ ಅಪ್ಪ," ಅಂದಳು. "ಒಳಗಿದ್ದೇ ಸತ್ರು. ಒಳಗೆ ಅಡಿಗೆ ಮಾಡ್ತಿರೋವಾಗ್ಲೂ ಓಯ್ತಿತ್ತು. ಬಟ್ಟೆ ಎಲ್ಲಾ ನೀನಿಲ್ದಾಗ ಒಗೀತಿದ್ರು. ನಾನೇ ನೀರ್ ಉಯ್ತಿದ್ದೆ. ಅಪ್ಪಂಗೆ ಏಳ್ಬ್ಯಾಡ, ಬೈತಾರೆ ಅಂದ್ರು. ನಾನ್ ಏಳ್ಲಿಲ್ಲ." ಆಮೇಲೆ ಕಣ್ಣು ಒರೆಸಿಕೊಳ್ಳದೆ ನನ್ನನ್ನೇ ನೋಡಿ ಕೇಳಿದಳು: "ನಾನ್ ಏಳಿದ್ರೆ ಅವ್ವ ಉಳೀತಿದ್ರಾ?"

ಆಗ ಅವಳಿಗೆ ಹತ್ತು ವರ್ಷ. ಹತ್ತು ವರ್ಷದ ಮಗು ಅವ್ವನ ಬಟ್ಟೆಗೆ ನೀರು ಹುಯ್ದುಕೊಂಡು, ಇಷ್ಟು ವರ್ಷ ಈ ಪ್ರಶ್ನೆಯನ್ನು ಒಳಗಿಟ್ಟುಕೊಂಡು, ನನ್ನ ಎದುರಿಗೇ ಕೂತು "ಊಂ" ಅಂತಿತ್ತು. ಒಂಟಿ ಅಂದರೆ ನಾನೊಬ್ಬನೇ ಅಂದುಕೊಂಡಿದ್ದೆ.

ನಾನು ಆ ಕೋಣೆಯ ಒಳಗೆ ಹೋಗಿ ಚಾಪೆಯ ಮೇಲೆ ಕೂತೆ. ಹುಟ್ಟಿದ ಮನೆ, ಆದರೂ ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. "ಮುಟ್ಬ್ಯಾಡ ಅಪ್ಪ" ಅಂತ ಗೋಡೆಗೆ ಸರಿದಳು. ಕೈ ಹಿಡಿದುಕೊಂಡೆ. "ನಿಮ್ಮವ್ವಂಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಆಗಿತ್ತು," ಅಂದೆ, "ಒಟ್ಟೆನೋವಲ್ಲ. ನೀನ್ ಮುಚ್ಚಿಟ್ಟಿದ್ದಲ್ಲ ತಪ್ಪು. ನಾನ್ ಬೈದಿದ್ದು ತಪ್ಪು. ಕೇಳಿದ್ಯಾ ಮಗಾ? ತಪ್ಪು ನಂದು." ಇಬ್ಬರೂ ಅತ್ತೆವು. ಬೀದಿಯವರು ನೋಡಿದರೆ ನೋಡಿಕೊಳ್ಳಲಿ.

ಕೊಳ್ಳೇಗಾಲ ಮುಟ್ಟಿದಾಗ ಸಾಲು ಇನ್ನೂ ಇತ್ತು. ಹುಡುಗಿಯರ ಜೊತೆ ಅವ್ವಂದಿರು, ಅತ್ತೆಯರು. ಗಂಡಸು ನಾನೊಬ್ಬನೇ, ಎಲ್ಲರೂ ತಿರುತಿರುಗಿ ನೋಡುತ್ತಿದ್ದರು. ನರ್ಸಮ್ಮ ಆರೋಗ್ಯದ ವಿಚಾರ ಕೇಳುವ ಮುಂಚೆ "ಸ್ವಲ್ಪ ಆಚೆ ಇರ್ತೀರಾ?" ಅಂದರು. ಎದ್ದೆ. "ಇಲ್ಲೇ ಇರ್ಲಿ ಬುಡಿ ಮೇಡಂ," ಅಂದಳು ಮಗಳು. ತನಗೆ ಇವತ್ತು ಮೊದಲನೇ ದಿನ ಅಂತ ನನ್ನ ಮುಂದೆಯೇ ಹೇಳಿದಳು. ನರ್ಸಮ್ಮ "ಅದಕ್ಕೇನೂ ತೊಂದ್ರೆ ಇಲ್ಲ" ಅಂದು ಎಡತೋಳಿಗೆ ಚುಚ್ಚಿದರು. ಅರ್ಧ ಗಂಟೆ ಕೂರಿಸಿ ಕಳಿಸಿದರು. ಮದುವೆಯಾಗಿ ಮೂವತ್ತು ದಾಟಿದ ಮೇಲೆ ತಪಾಸಣೆ ಮಾತ್ರ ತಪ್ಪಿಸಬಾರದು, ಚುಚ್ಚಿಸಿಕೊಂಡೆ ಅಂತ ಸುಮ್ಮನಿರಬಾರದು ಅಂತಲೂ ಹೇಳಿದರು. ಅಷ್ಟು ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ.

ವಾಪಸ್ ಬರುವಾಗ ಹನೂರು ದಾಟಿದ ಮೇಲೆ ಬೈಕ್ ನಿಧಾನ ಮಾಡಿ ಕೇಳಿದೆ: "ಮುಂದಕ್ಕೆ ಏನಾದ್ರೂ ಎಚ್ಚುಕಮ್ಮಿ ಆದ್ರೆ ನಂಗೆ ಏಳ್ತೀಯಾ?"

"ನೀನ್ ಬೈಯ್ದೆ ಇದ್ರೆ ಏಳ್ತೀನಿ."

ಬೈಯಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅವಳ ಅವ್ವನಿಗೂ ಎಷ್ಟೋ ಸಲ ಹಾಗೇ ಮಾತು ಕೊಟ್ಟಿದ್ದೆ, ಒಂದು ವಾರವೂ ನಡೆಸಿರಲಿಲ್ಲ. ಇವಳಿಗೂ ಅದೇ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಬೈದ್ರೂ ಏಳು ಕಣವ್ವ," ಅಂದೆ.