ಕಿವಿಯಣ್ಣನ ಹತ್ತು ನಂಬರ್ ಸ್ಪ್ಯಾನರ್

ನನ್ನ ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಆರೂವರೆ. ಮನೆ ಮುಂದಿನ ಹಳೆಯ ವ್ಯಾನಿನ ಪಕ್ಕ ನಾನು ಕರೆಸಿದ ಮೆಕ್ಯಾನಿಕ್ ತಲೆ ವಾಲಿಸಿ ನಿಂತಿದ್ದಾರೆ. ಕೈಯಲ್ಲಿ ಏನೂ ಇಲ್ಲ. ಕೀ ತಿರುಗಿಸಲು ಹೇಳುತ್ತಾರೆ. ತಿರುಗಿಸುತ್ತೇನೆ. ಸದ್ದಿಲ್ಲ, ದೀಪವಿಲ್ಲ, ಹಾರನ್ ಕೂಡ ಇಲ್ಲ.

ಬೀದಿಯವರಿಗೆ ಇವರು ಕಿವಿಯಣ್ಣ. ಸ್ಟಾರ್ಟ್ ಆಗದ ಗಾಡಿಯನ್ನು ನಿಂತಲ್ಲಿಗೇ ಹೋಗಿ ಎಬ್ಬಿಸುವುದು ಇವರ ಕಸುಬು. ವಯಸ್ಸು ಅರವತ್ತೊಂದು. ಬಸ್ ಡಿಪೋದ ಇಂಜಿನ್‌ಗಳ ನಡುವೆ ಇಪ್ಪತ್ತಾರು ವರ್ಷ ದುಡಿದು ಎಡಗಿವಿ ಕಳೆದುಕೊಂಡರು. ಕಿವಿ ಕೇಳಿಸದವನು ಬೇಡವೆಂದು ಡಿಪೋ ಮನೆಗೆ ಕಳಿಸಿತು. ಈಗ ಅನ್ನ ಹಾಕುತ್ತಿರುವುದು ಸದ್ದು ಕೇಳಿಯೇ ದೋಷ ಹಿಡಿಯುವ ಬಲಗಿವಿ. ಅಂಗಡಿಯಿಲ್ಲ. ಟೀ ಅಂಗಡಿಯ ಬೆಂಚು, ಒಂದು ಸೈಕಲ್, ದಪ್ಪ ಬಟ್ಟೆಯ ಸುರುಳಿ, ಇಷ್ಟೇ. ಸುರುಳಿಯೊಳಗೆ ಸಾಲು ಜೇಬುಗಳು, ಜೇಬಿಗೊಂದು ಸ್ಪ್ಯಾನರ್. ಒಂದು ಜೇಬು ಖಾಲಿ.

ದಿನಕ್ಕೆ ಏಳೆಂಟು ಕರೆ, ಮಳೆ ಹಿಡಿದರೆ ಹದಿನೈದು.

“ಹತ್ತರಲ್ಲಿ ಐದು ಬ್ಯಾಟರಿ. ಎರಡಕ್ಕೆ ಪೆಟ್ರೋಲೇ ಇರಲ್ಲ. ಅದನ್ನ ಮಾತ್ರ ಯಜಮಾನರ ಹೆಂಡ್ತಿ ಎದುರಿಗೆ ಹೇಳಲ್ಲಮ್ಮ. ಮನೆ ಒಡೆಯೋ ಕೆಲಸ ನಮಗ್ಯಾಕೆ.”

ನಮ್ಮ ವ್ಯಾನಿಗೆ ಹತ್ತು ಗಂಟೆಯ ಗಡುವಿದೆ. ನಿನ್ನೆ, ಇದೇ ಮನೆಯಲ್ಲಿರುವ ಭಾವ ಮೂರು ಸಲ ಕೀ ತಿರುಗಿಸಿ, ಇದರ ಕಥೆ ಮುಗಿಯಿತು ಎಂದು ಗುಜರಿಯವನನ್ನು ಬರಹೇಳಿದ್ದಾರೆ. ಅಷ್ಟರೊಳಗೆ ಸ್ಟಾರ್ಟ್ ಆದರೆ ಉಳಿಯುತ್ತದೆ. ನನ್ನ ಗಂಡ ಒಂಬತ್ತು ವರ್ಷ ಓಡಿಸಿದ ಗಾಡಿ. ಇನ್ನು ನಾನು ಪತ್ರಿಕೆಯ ಕೆಲಸಕ್ಕೆ ಹೋಗಬೇಕಾದದ್ದೂ ಇದರಲ್ಲೇ.

ಕಿವಿಯಣ್ಣನಿಗೆ ಒಂದು ಕ್ರಮವಿದೆ. ಕಿವಿಗೆ ಏನೂ ಸಿಗದಿದ್ದರೆ, ಸುರುಳಿ ಬಿಚ್ಚುವ ಮೊದಲು ಒಂದು ಪ್ರಶ್ನೆ: ಕೊನೆಯ ಸಲ ಗಾಡಿ ನಿಲ್ಲಿಸಿದ್ದು ಯಾರು? ತಾನಾಗಿ ಕೆಡುವ ಗಾಡಿಗಿಂತ, ನಿಲ್ಲಿಸಿದವರು ಏನೋ ಮಾಡಿ ಹೋದ ಗಾಡಿಗಳೇ ಹೆಚ್ಚಂತೆ. ನಮ್ಮವರೇ, ಎನ್ನುತ್ತೇನೆ. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ.

ಕಿವಿಯಣ್ಣ ಡ್ರೈವರ್ ಸೀಟು ಎತ್ತುತ್ತಾರೆ. ಈ ವ್ಯಾನಿನ ಬ್ಯಾಟರಿ ಇರುವುದು ಅದರಡಿ. ಬ್ಯಾಟರಿಯ ಕಪ್ಪು ವೈರನ್ನು ಮೊದಲೇ ಬಿಚ್ಚಿ, ತುದಿಗೆ ಕರವಸ್ತ್ರ ಸುತ್ತಿ ಗಂಟು ಹಾಕಲಾಗಿದೆ. ಪಕ್ಕದಲ್ಲಿ ಹತ್ತು ನಂಬರ್ ಸ್ಪ್ಯಾನರ್. ಅದರ ಮೇಲೆ ಅರದಿಂದ ಎಳೆದ ಎರಡು ಗೀರು. ಸುರುಳಿಯ ಎಲ್ಲ ಸ್ಪ್ಯಾನರುಗಳ ಮೇಲೂ ಅದೇ ಗುರುತು.

“ಕೆಟ್ಟಿಲ್ಲಮ್ಮ. ಜೋಪಾನ ಮಾಡಿದ್ದಾರೆ. ತಿಂಗಳುಗಟ್ಟಲೆ ನಿಲ್ಲೋ ಗಾಡಿಗೆ ಹೀಗೆ ಮಾಡ್ತಾರೆ, ಚಾರ್ಜ್ ಇಳೀಬಾರದು ಅಂತ.”

ನನ್ನ ಗಂಡ ನನಗೆ, ಆಸ್ಪತ್ರೆಯಲ್ಲಿ ನಾಲ್ಕೇ ದಿನ ಎಂದಿದ್ದರು.

ಆ ಸ್ಪ್ಯಾನರನ್ನು ಕಿವಿಯಣ್ಣ ಮುಟ್ಟುವುದಿಲ್ಲ. ಇಕ್ಕಳ ಹಿಡಿದು ಪರದಾಡುತ್ತ ನಟ್ಟು ಬಿಗಿಯುತ್ತಾರೆ. ಕೀ ತಿರುಗಿಸುತ್ತೇನೆ. ಇಂಜಿನ್ ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಎದ್ದುಕೊಳ್ಳುತ್ತದೆ. ಅವರು ಬಲಗಿವಿ ಬಾಗಿಸಿ ಒಂದು ನಿಮಿಷ ಕೇಳಿಸಿಕೊಳ್ಳುತ್ತಾರೆ. ಅರ್ಧ ಗಂಟೆ ಆರಿಸಬೇಡಿ ಎಂದು ಹೇಳಿ ಸೈಕಲ್ ಹತ್ತುತ್ತಾರೆ.

ಗುಜರಿಯವನನ್ನು ಭಾವನೇ ವಾಪಸು ಕಳಿಸುತ್ತಾರೆ. ಹನ್ನೊಂದಕ್ಕೆ ನಾನು ವ್ಯಾನ್ ಓಡಿಸಿಕೊಂಡು ಟೀ ಅಂಗಡಿಯ ಬಳಿ ಹೋಗುತ್ತೇನೆ. ಹತ್ತು ನಂಬರನ್ನು ನನ್ನ ಗಂಡನಿಗೆ ಎರವಲು ಕೊಟ್ಟ ಮೇಲೆ ಎರಡು ತಿಂಗಳಿಂದ ಪ್ರತಿ ಬ್ಯಾಟರಿಯನ್ನೂ ಇಕ್ಕಳದಲ್ಲೇ ಬಿಗಿದಿದ್ದಾರಂತೆ, ಬೆರಳಗೆಣ್ಣುಗಳೆಲ್ಲ ತರಚಿವೆ. ಕೇಳಬಹುದಿತ್ತಲ್ಲ, ಎನ್ನುತ್ತೇನೆ.

“ಆಸ್ಪತ್ರೆಗೆ ಬಂದು ಸ್ಪ್ಯಾನರ್ ಕೇಳೋಕಾಗುತ್ತಾ?”

ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದಾಗ, ಬರೆಯುವಂಥದ್ದು ಏನಿದೆ ಎನ್ನುತ್ತಾರೆ. ಬಲಗಿವಿ ಇನ್ನೊಂದೈದು ವರ್ಷ ಬಾಳಿದರೆ ಸಾಕು, ಬೇರೆ ಆಸೆಯಿಲ್ಲ.

ಬೆಂಚಿನ ಮೇಲೆ ಸುರುಳಿ ಹರಡಿದೆ. ಖಾಲಿ ಜೇಬಿಗೆ ಸ್ಪ್ಯಾನರ್ ಇಳಿಸುತ್ತೇನೆ. ಅವರು ಅದನ್ನು ಮತ್ತೆ ಹೊರತೆಗೆದು, ಹೆಬ್ಬೆರಳಿನಿಂದ ಉದ್ದಕ್ಕೂ ಸವರುತ್ತಾರೆ.

“ಒರೆಸಿ ಇಟ್ಟಿದ್ದಾರೆ. ನಾನು ಕೊಟ್ಟಾಗ ಇಷ್ಟು ಚೊಕ್ಕ ಇರ್ಲಿಲ್ಲ.”